ಕಲ್ಲುಡಾಂಬರಿಗೆ ಬೂತಾಯಿ ಎಣ್ಣೆ

ಎರಡು ಬುಟ್ಟಿ ಒಣ ಬಂಗುಡೆ. ದೋಣಿಯ ಸಂದು ಮುಚ್ಚಲು ಕೊಂಡ ಒಂದು ಚೀಲ ಕಲ್ಲುಡಾಂಬರಿಗೆ ನಾನು ಕೊಟ್ಟದ್ದು ಅಷ್ಟು. ಇಸವಿ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನ್ನದು ಒಣಮೀನಿನ ವ್ಯಾಪಾರ. ಹೆಮ್ಮಾಡಿಯ ಗುಜರಿಯವನು ಮೂರು ಬುಟ್ಟಿ ಕೇಳಿದ್ದ. ಚೀಲದ ತಳದ ಪುಡಿ ತೋರಿಸಿ ಎರಡಕ್ಕೆ ಇಳಿಸಿದೆ. ರಸ್ತೆ ಡಾಂಬರು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಬಿಸಿಲಿಗೆ ಮೆತ್ತಗಾಗಿ ದೋಣಿಯಿಂದ ಜಾರುತ್ತಿತ್ತು. ಇದು ಜಾರುವುದಿಲ್ಲ ಎಂದ.

ಅವನು ಮುಂಬೈ ಬಂದರಿನಲ್ಲಿ ದುಡಿದು ಬಂದವ. ಇರಾನ್ ಕಡೆಯ ಈ ಮಾಲನ್ನು ಅಲ್ಲಿ ಇಳಿಸಿದ್ದನಂತೆ. ಚಹಾ ಕುಡಿಯುತ್ತಾ ಅದರ ಹುಟ್ಟು ಹೇಳಿದ. ನೆಲದಡಿಯ ಕಲ್ಲೆಣ್ಣೆ ಒತ್ತಡ ತಾಳದೆ, ಬಂಡೆ ಸೀಳಿದಲ್ಲೆಲ್ಲ ಮೇಲಕ್ಕೆ ನುಗ್ಗುತ್ತದೆ. ಬಿರುಕಿನಲ್ಲೇ ಸಿಕ್ಕಿಕೊಂಡು ಅದರ ತೆಳು ಅಂಶವೆಲ್ಲ ಆವಿಯಾಗಿ ಹೋಗುತ್ತದೆ. ಲಕ್ಷಾಂತರ ವರ್ಷದ ಮೇಲೆ ಉಳಿಯುವುದು ಈ ಕಪ್ಪು ಗಟ್ಟಿ; ಬಂಡೆಗಳ ನಡುವೆ ಗೋಡೆಯ ಹಾಗೆ ನಿಂತಿರುತ್ತದಂತೆ.

ಕಿರಿಮಂಜೇಶ್ವರದಲ್ಲಿ ಅಕ್ಕನ ಗಂಡನ ದೋಣಿಯನ್ನು ಮಳೆಗಾಲಕ್ಕೆ ದಡದ ಮೇಲೆ ಎಳೆದಿಟ್ಟಿದ್ದರು. ಮನೆಗೆ ಅದೊಂದೇ ಆಧಾರ. ಕಡಲು ತಣಿದ ದಿನ ನೀರಿಗಿಳಿಯದಿದ್ದರೆ ಮೊದಲ ಮೀನೆಲ್ಲ ಬೇರೆಯವರ ಪಾಲು. ಭಾವ ಚೀಲ ಬಿಚ್ಚಿ, ಇದ್ದಿಲಿನಂಥ ಕಪ್ಪು ತುಂಡುಗಳನ್ನು ಕಂಡು ನಕ್ಕರು.

“ಹ್ವಾಯ್, ಎಂತ ಇದ್? ಬಂಗ್ಡೆ ಕೊಟ್ಟ್ ಇದ್ಲಿ ತಂದ್ಯಾ ಮಾರಾಯ?”

“ಇದ್ಲಿ ಅಲ್ಲ ಭಾವ, ಕಾಣಿ.”

ಕಾಯಿಸಿ ಕರಗಿಸಿ ಹಲಗೆಯ ಸಂದುಗಳಿಗೆ ಹೊಯ್ದೆವು. ಕನ್ನಡಿಯ ಹಾಗೆ ಹೊಳೆಯಿತು. ಮರುದಿನ ದೋಣಿ ಸರಿಸಲು ಜನ ಹೆಗಲು ಕೊಟ್ಟರು. ಹಲಗೆ ತುಸು ಬಾಗಿದ್ದೇ ಸಂದಿನುದ್ದಕ್ಕೂ ಹಪ್ಪಳ ಮುರಿದ ಸದ್ದು; ಹೊಯ್ದದ್ದೆಲ್ಲ ಬಿರುಕು ಬಿಟ್ಟಿತ್ತು.

“ಉಳ್ದದ್ದ್ ನಿನ್ನಕ್ಕಂಗ್ ಕೊಡ್, ಒಲಿಗ್ ಹಾಕ್ಲಿ,” ಅಂದರು ಭಾವ. ಈ ಸಲ ನಗಲಿಲ್ಲ.

ಮರಳ ಮೇಲೆ ಕೂತೆ. ಗುಜರಿಯವನ ಮಾತು ನೆನಪಾಯಿತು. ಬಿರುಕಿನಲ್ಲಿ ಕೂತು ಎಣ್ಣೆ ಕಳಕೊಂಡ ಮಾಲು ಇದು. ಕಳಕೊಂಡದ್ದನ್ನು ತಿರುಗಿ ಕೊಟ್ಟರೆ? ದೋಣಿಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆ ಹೇಗೂ ಮನೆಯಲ್ಲಿತ್ತು. ಕೆರೆದು ತೆಗೆದ ಚೂರುಗಳನ್ನು ಮತ್ತೆ ಕರಗಿಸಿ, ಬೆಂಕಿಯಿಂದ ದೂರ ಇಳಿಸಿ, ಸ್ವಲ್ಪಸ್ವಲ್ಪವೇ ಎಣ್ಣೆ ಬೆರೆಸಿದೆ. ತೆಳು ಹಲಗೆ ಪಟ್ಟಿಯೊಂದಕ್ಕೆ ಬಳಿದು, ಆರಲು ಬಿಟ್ಟು, ಬಾಗಿಸಿದೆ. ಸಿಡಿಯಿತು. ಇನ್ನಷ್ಟು ಎಣ್ಣೆ. ಈಗ ಪಟ್ಟಿಯ ಜೊತೆ ಅದೂ ಬಾಗಿತು.

ಭಾವ ಪಟ್ಟಿಯನ್ನು ಕಸಿದು ತಾವೇ ಬಾಗಿಸಿ ನೋಡಿದರು. “ಆತ್, ಬಳಿ,” ಅಂದರು.

ಕಡಲು ತಣಿದ ದಿನ ದೋಣಿ ಇಳಿಯಿತು. ಒಳಗೆ ಜಿನುಗಿದ ನೀರು ತೋಡಲು ಒಯ್ದ ಡಬ್ಬಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ನೀವೂ ಮಾಲು ಕೊಳ್ಳುವಾಗ ಬೆಲೆಗಿಂತ ಮೊದಲು ಅದು ಹೇಗಾಯಿತು ಎಂದು ಕೇಳಿ. ಚಹಾ ನೀವೇ ಕೊಡಿಸಿ, ಮಾತು ಉದ್ದವಾಗುತ್ತದೆ. ಮನೆಗೆ ತಂದದ್ದನ್ನು ಮೊದಲು ಹಳೇ ಹಲಗೆಗೆ ಬಳಿದು ಬಾಗಿಸಿ ನೋಡಿ, ದೋಣಿ ಆಮೇಲೆ. ಎಣ್ಣೆ ಬೆರೆಸುವಾಗ ಮಾತ್ರ ಪಾತ್ರೆ ಒಲೆಯ ಮೇಲೆ ಇರಕೂಡದು.