ಎಡಗಡೆ ಕಾಣದ ಎಕ್ಸ್‌ರೇ

ನನ್ನ ಯಜಮಾನರು ಬಾಳ್ಳುಪೇಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಆ ವರ್ಷ ಹಣ್ಣು ಕೊಯ್ಯುವ ಹೊತ್ತಿಗೆ ಅವರ ಎಡ ಪಕ್ಕೆಯಲ್ಲಿ ನೋವು ಶುರುವಾಯಿತು. ಬಂದರೆ ಕಾಫಿ ಕಣದಲ್ಲೇ ಮಂಡಿಯೂರಿ ಕುಳಿತುಬಿಡುವರು. ಹಾಸನದ ಡಾಕ್ಟರು, ಎಡ ಮೂತ್ರಪಿಂಡದ ಕೆಳಗೆ ಕಲ್ಲು ಸಿಕ್ಕಿಕೊಂಡಿರಬೇಕು ಎಂದರು. ತೋಳಿಗೆ ಒಂದು ಔಷಧ ಚುಚ್ಚಿ ಎಕ್ಸ್‌ರೇ ತೆಗೆದರೆ ಮೂತ್ರಪಿಂಡ ಬೆಳ್ಳಗೆ ಕಾಣುತ್ತದಂತೆ. ಕಂಡರೆ ಕಲ್ಲು ಮಾತ್ರ ತೆಗೆಯುವುದು, ಕಾಣದಿದ್ದರೆ ಅದು ಸತ್ತಿದೆಯೆಂದು ಮೂತ್ರಪಿಂಡವನ್ನೇ ತೆಗೆಯುವುದು.

ಡಾಕ್ಟರು ಕೊಟ್ಟ ಇಂಗ್ಲಿಷ್ ಚೀಟಿಯನ್ನು ನಾನೇ ಅತ್ತೆಯ ಮುಂದೆ ಕನ್ನಡದಲ್ಲಿ ಓದಿ ಹೇಳಿದೆ. ಸಂಜೆ ಹರಳೆಣ್ಣೆ. ಆಮೇಲೆ ಊಟವಿಲ್ಲ, ನೀರೂ ಇಲ್ಲ. ಅತ್ತೆ ತಲೆಯಾಡಿಸಿದರು. ಮಾರನೆಯ ಬೆಳಿಗ್ಗೆ ಹಾಸನದ ಬಸ್ಸು ಆಲೂರು ದಾಟಿದ ಮೇಲೆ ಇವರು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: "ಅವ್ವ ಬಾಳೆದಿಂಡಿನ ರಸ ಕೊಟ್ಲು ಕಣೇ, ಎರಡು ಚೊಂಬು. ಔಷಧಕ್ಕೆ ಪಥ್ಯ ಇಲ್ಲ, ಕಲ್ಲು ಕರಗ್ತೈತೆ ಅಂದ್ಲು. ಬ್ಯಾಡ ಅನ್ನಕ್ಕಾಗ್ಲಿಲ್ಲ."

ಎಕ್ಸ್‌ರೇ ಕೋಣೆಯವನು ಏನಾದರೂ ಕುಡಿದಿರಾ ಎಂದು ಕೇಳಿದ. ಇವರು ಇಲ್ಲವೆಂದರು. ನಾನು ನನ್ನ ಚೀಲದ ಹಿಡಿಯನ್ನು ನೋಡುತ್ತಾ ನಿಂತೆ.

ಔಷಧ ಏರಿಸುವಾಗ ಬಾಗಿಲು ಅರ್ಧ ತೆರೆದಿತ್ತು. ಮೈಯೆಲ್ಲಾ ಬಿಸಿಯಾಗ್ತಾ ಐತೆ, ಬಾಯಿ ಕಬ್ಬಿಣ ನೆಕ್ಕಿದಂಗೈತೆ ಎಂದು ಇವರು ಹೇಳುವುದು ಕೇಳಿಸಿತು. ಆಮೇಲೆ ಬಾಗಿಲು ಮುಚ್ಚಿತು. ಐದು ನಿಮಿಷಕ್ಕೊಂದು ಫಿಲ್ಮು, ಹದಿನೈದಕ್ಕೊಂದು, ಅರ್ಧ ಗಂಟೆಗೊಂದು. ಒದ್ದೆ ಫಿಲ್ಮುಗಳನ್ನು ಚೌಕಟ್ಟಿಗೆ ಸಿಕ್ಕಿಸಿ ತಂದಾಗಲೆಲ್ಲ ಹಜಾರದ ಕೆಂಪು ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಬೆಂಚಿನ ಮೇಲೆ ಕೂರುವುದು, ಏಳುವುದು, ಕಿಟಕಿಯ ತನಕ ಹೋಗಿ ಬರುವುದು. ಪಕ್ಕದ ಹೆಂಗಸು, ಯಾಕಮ್ಮ ಹಿಂಗೆ ಸುತ್ತುತ್ತೀ, ನಂಗೇ ತಲೆ ತಿರುಗ್ತೈತೆ ಎಂದು ಗದರಿದಳು.

ಡಾಕ್ಟರು ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆ ತೆಳುವಾಗಿ ಏನೋ ಇತ್ತು. ಎಡಗಡೆ ಬೆನ್ನೆಲುಬು, ಪಕ್ಕೆಲುಬು, ಅಷ್ಟೇ. ಎಡಗಡೆಯದು ಸತ್ತಿದೆ, ತೆಗೆಯಲು ದಿನ ಗೊತ್ತುಮಾಡೋಣ ಎಂದು ಅವರು ಪೆನ್ನಿನ ಮುಚ್ಚಳ ಬಿಚ್ಚಿದರು.

ಹೇಳಿದರೆ ಇವರ ಸುಳ್ಳು ಬಯಲಾಗುತ್ತದೆ, ಅತ್ತೆಯ ಮೇಲೆ ದೂರು ಹೇಳಿದ ಹಾಗೂ ಆಗುತ್ತದೆ. ಹೇಳದಿದ್ದರೆ? ಇವರಿಗೆ ತಿಳಿಯದಿರಲೆಂದು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ಮೆಲ್ಲಗೆ, ತಡವರಿಸುತ್ತಾ ಹೇಳಿದೆ.

ಡಾಕ್ಟರು ಹಜಾರಕ್ಕೆಲ್ಲ ಕೇಳುವಂತೆ ಕನ್ನಡದಲ್ಲೇ ಉತ್ತರಿಸಿದರು: "ಎರಡು ಚೊಂಬು ಕುಡಿಸಿದೀರಾ? ಔಷಧ ತೆಳ್ಳಗಾಗದೆ ಇನ್ನೇನಮ್ಮ ಆಗುತ್ತೆ?"

ಇವರು ತಲೆ ತಗ್ಗಿಸಿದರು. ಆದರೆ ಡಾಕ್ಟರ ಪೆನ್ನು ಬರೆಯಲಿಲ್ಲ. ಅವರು ಬಲಗಡೆಯ ತೆಳು ಗುರುತನ್ನೇ ಮತ್ತೆ ನೋಡಿದರು. ಔಷಧ ನೀರಾಗಿ ಬಲಗಡೆಯದೇ ಇಷ್ಟು ತೆಳುವಾಗಿದ್ದರೆ ಎಡಗಡೆಯದನ್ನು ಈಗಲೇ ಸತ್ತಿದೆ ಎನ್ನಲಾಗದು, ಎರಡು ಗಂಟೆ ಬಿಟ್ಟು ಇನ್ನೊಂದು ತೆಗೆಯೋಣ ಎಂದರು. ಫಿಲ್ಮು ಸುಮ್ಮನೆ ಹಾಳು ಎಂದು ಎಕ್ಸ್‌ರೇಯವನು ಗೊಣಗಿದ.

ಆ ಎರಡು ಗಂಟೆ ಇಬ್ಬರೂ ಬೆಂಚಿನ ಮೇಲೆ ಕಾದೆವು. ಇವರು ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಸರಿಮಾಡಲು ಕೈ ಚಾಚಿದೆ, ಪಕ್ಕಕ್ಕೆ ಸರಿದರು.

ಕೊನೆಯ ಫಿಲ್ಮನ್ನು ಡಾಕ್ಟರು ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ನನ್ನನ್ನು ಕರೆದರು. "ಬನ್ನಿ, ನೋಡಿ. ಊದಿಕೊಂಡಿದೆ, ನಿಧಾನ. ಆದರೆ ಕೆಲಸ ಮಾಡ್ತಿದೆ." ಎಡಗಡೆ, ಗಾಜಿನ ಮೇಲೆ ಉಸಿರು ಬಿಟ್ಟಂತೆ ಒಂದು ಬಿಳಿ ಮಬ್ಬು. ಅದರ ಕೆಳಗೆ ಕಡಲೆಕಾಳಿನಷ್ಟು ಕಲ್ಲು.

ಕಲ್ಲಿಗೆ ಮಾತ್ರ ಆಪರೇಷನ್ ಎಂದು ಗೊತ್ತಾಯಿತು. ವಾಪಸು ಬಸ್ಸು ಆಲೂರು ದಾಟಿತು. ಆಮೇಲೆ ಇವರು ತಾವಾಗಿಯೇ, ಎಡಗಡೆಯದು ಎಷ್ಟು ಕಾಣ್ತು ಎಂದು ಕೇಳಿದರು. ನಾನು ಅವರ ಅಂಗೈ ಮೇಲೆ ಬೆರಳಿನಿಂದ ಆ ಮಬ್ಬನ್ನು ಬರೆದು ತೋರಿಸಿದೆ.

"ಸರ್ಯಾಗಿ ನೋಡಿದ್ಯೇನೇ? ಇನ್ನೊಂದ್ಸಲ ಬರಿ," ಎಂದರು.