ನಾನು ಪಳಗಿಸಿದ ಪತ್ತಿ

ಮೂರು ವರ್ಷದ ಹಿಂದೆ, ನಾನು ಸಿಂಧನೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ನಡೆದದ್ದು. ನಮ್ಮೂರು ತುರ್ವಿಹಾಳ. ಅಪ್ಪ ಮದುವೆಗಳಲ್ಲಿ ಸನಾದಿ ಊದುತ್ತಿದ್ದರು. ಸನಾದಿಯ ತುದಿಗೆ ಸಿಕ್ಕಿಸಿ ಬಾಯಲ್ಲಿ ಹಿಡಿಯುವ ಹುಲ್ಲಿನ ಪತ್ತಿ ಹೊಸದಾಗಿದ್ದಾಗ ಯಾರ ಮಾತೂ ಕೇಳುವುದಿಲ್ಲ. ನೆನೆಸಬೇಕು, ಬೆರಳಲ್ಲಿ ಒತ್ತಬೇಕು, ಬ್ಲೇಡಿನಿಂದ ಒಂಚೂರು ಕೆರೆದು ದಿನಾ ಸ್ವಲ್ಪ ಸ್ವಲ್ಪ ಊದಿ ಪಳಗಿಸಬೇಕು. ಅಪ್ಪನಿಗೆ ಅಷ್ಟು ತಾಳ್ಮೆಯಿಲ್ಲ. ಹತ್ತನೇ ಕ್ಲಾಸಿನಿಂದ ಆ ಕೆಲಸ ನನ್ನದೇ. ಅದೇ ನೆಪದಲ್ಲಿ ಊದುವುದನ್ನೂ ಕಲಿತೆ. ಆದರೆ ಮನೆಯೊಳಗೆ ಮಾತ್ರ. ಹೊರಗೆ ಊದುವುದು ಗಂಡಸರ ಕೆಲಸವಂತೆ. ಪಳಗಿಸಲು ಬೇಕಾದ ನನ್ನ ಬಾಯಿ ಮಂಟಪಕ್ಕೆ ಯಾಕೆ ಬೇಡ ಎಂದು ನನಗೆ ಸಿಟ್ಟು ಬರುತ್ತಿತ್ತು.

ಆ ಸಲ ಮಸ್ಕಿಯಲ್ಲಿ ಮದುವೆ. ಹಲ್ಲುನೋವಿನಿಂದ ಅಪ್ಪನ ಮುಖ ಬಾತುಕೊಂಡಿತ್ತು. ಲಿಂಗಸುಗೂರಿನ ಕಾಕಾನನ್ನು ಕರೆಸಿದೆವು. ಅವನು ತನ್ನ ಸನಾದಿ ಮಾರಿ ಎರಡು ವರ್ಷವಾಗಿತ್ತು, ಅಪ್ಪನದನ್ನೇ ತೆಗೆದುಕೊಂಡ. ಪತ್ತಿ ನೋಡಿಕೊಳ್ಳಲು ನಾನೂ ಹೋದೆ.

ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಾಯಿತು. ಕಾಕಾ ಕೆನ್ನೆ ಉಬ್ಬಿಸಿ ಊದಿದ. ಪತ್ತಿ ಅಂಟಿಕೊಂಡು ಉಸಿರೇ ಹೊರಡಲಿಲ್ಲ. ಬದಲಿಸಿದ. ಅದೂ ಅಷ್ಟೇ.

"ಕೆರೆದು ಕೆರೆದು ಹಾಳ ಮಾಡೀಯಲ್ಲ ಬೇ" ಎಂದು ನನ್ನನ್ನು ಬೈದ.

ಅವನು ಹೇಳಿದ್ದು ನಿಜ. ಗೊತ್ತಿಲ್ಲದೆ ಎಲ್ಲ ಪತ್ತಿಗಳನ್ನೂ ನನ್ನ ಉಸಿರಿಗೆ ಹದ ಮಾಡಿಬಿಟ್ಟಿದ್ದೆ. ಅಪ್ಪ ಯಾವಾಗಲೂ ಮೆಲ್ಲಗೆ ಊದುತ್ತಿದ್ದರಿಂದ ಇಷ್ಟು ದಿನ ಗೊತ್ತಾಗಿರಲಿಲ್ಲ. ಕಾಕಾನ ಜೋರು ಉಸಿರಿಗೆ ಅವು ಮುಚ್ಚಿಕೊಳ್ಳುತ್ತಿದ್ದವು.

ಮದುಮಗಳ ಅಪ್ಪ ಬಂದರು. "ಏನ್ ಮಾಡಾಕತ್ತೀರಿ? ಊದೋರು ಬ್ಯಾರೆ ಯಾರರೆ ಅದಾರೇನು?"

"ನಾ ಅದೀನ್ರಿ" ಎಂದೆ.

ಕಾಕಾ ನನ್ನ ಕೈ ಹಿಡಿದ. "ಸುಮ್ಮನಿರು. ಹೆಣ್ಣುಮಗಳು ಊದಿದ್ರ ನಾಳೆ ನಮ್ಮನ್ನ ಯಾರೂ ಕರಿಯಂಗಿಲ್ಲ."

"ಇವತ್ತ ಸನಾದಿ ಮೂಕಾದ್ರೂ ಕರಿಯಂಗಿಲ್ಲ. ಕೊಡು ಇಲ್ಲೆ."

ಅವನು ಕೊಡಲಿಲ್ಲ, ನಾನೇ ಕಿತ್ತುಕೊಂಡೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಕ್ಕವರ ಕಡೆಗೇ ಮುಖ ಮಾಡಿ ನಿಂತು ಊದಿದೆ. ಮೊದಲ ಉಸಿರಿಗೇ ಪತ್ತಿ ಬಾಯಿ ಬಿಟ್ಟಿತು. ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಎದ್ದರೂ ನಾನು ನಿಲ್ಲಿಸಲಿಲ್ಲ.

ಕಾಕಾ ಹೇಳಿದಂತೆಯೇ ಆಯಿತು. ಎರಡು ಮನೆಯವರು ನಮ್ಮನ್ನು ಬೇಡವೆಂದರು. ಆದರೆ ಬಳಗಾನೂರಿನಿಂದ ಒಬ್ಬರು ನನ್ನನ್ನೇ ಹುಡುಕಿಕೊಂಡು ಬಂದರು. ಈಗ ಅಪ್ಪ ಪಕ್ಕದಲ್ಲಿ ಶ್ರುತಿ ಹಿಡಿದು ಕೂರುತ್ತಾರೆ. ಮದುವೆಗೆ ಕರೆಯುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ, "ಊದಾಕಿ ನಾನರೀ, ಬ್ಯಾಡಂದ್ರ ಈಗ ಹೇಳ್ರಿ" ಎಂದು. ಕೆಲವರು ಫೋನ್ ಇಡುತ್ತಾರೆ. ಇಡಲಿ. ನಾನು ಮಾತ್ರ ಇನ್ನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ.