ಅನುಸೂಯಾ ಟೀಚರ್ ಮಾಡದ ಒಂದು ಸನ್ನೆ

ಮೆಟ್ರಿ ಊರಿನ ಕಾಲುವೆ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಗದ್ದೆಗೆ ನೀರು ತಿರುಗಿಸಲು ಬಂದ ಪಾಲಪ್ಪನವರ ಹೆಜ್ಜೆ ಕೆಸರಿನಲ್ಲಿ ಮೂಡಿದೆ. ಅನುಸೂಯಾ ಮಂಡಿಯೂರಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಪ್ಲಾಸ್ಟರನ್ನು ಅದರೊಳಗೆ ನಿಧಾನವಾಗಿ ಸುರಿಯುತ್ತಾರೆ.

"ನನ್ನ ಕಾಲು ಕದ್ದೊಯ್ತೀಯೇನವ್ವ?"

"ಕಾಲು ನಿಮ್ಮ ಹತ್ರನ ಇರ್ಲಿ ಮಾವಾ, ಹೆಜ್ಜಿ ಅಷ್ಟ ಸಾಕು."

ಸಮೀಪದ ಪ್ರೌಢಶಾಲೆಯಲ್ಲಿ ಅವರು ಅತಿಥಿ ಶಿಕ್ಷಕಿ. ವಾರವಿಡೀ ವಿಜ್ಞಾನದ ಪಾಠ, ಶನಿವಾರದ ಕೊನೆಯ ಪಿರಿಯಡ್ ಮಾತ್ರ ವಿಧಿವಿಜ್ಞಾನ. ಅಪರಾಧ ನಡೆದ ಜಾಗದ ಬೆರಳಚ್ಚು, ಮಣ್ಣು, ನೂಲೆಳೆಗಳನ್ನು ಪರೀಕ್ಷಿಸುವ ವಿದ್ಯೆ ಅದು. ಪ್ರಯೋಗಾಲಯವೆಂದರೆ ಒಂದು ಕಪಾಟು. ಅದರಲ್ಲೊಂದು ಹಳೆಯ ಸೂಕ್ಷ್ಮದರ್ಶಕ, ಬಾಟಲಿಗಳಲ್ಲಿ ಸಂಡೂರಿನ ಅದಿರು ದೂಳು, ಕಂಪ್ಲಿಯ ಎರೆಮಣ್ಣು. ಪ್ಲಾಸ್ಟರ್ ಕೊಡುವವನು ಹೊಸಪೇಟೆಯಲ್ಲಿ ಸೀಲಿಂಗ್ ಕೆಲಸ ಮಾಡುವ ತಮ್ಮ ಗಾದಿಲಿಂಗ.

ಅವರು ಚಿಕ್ಕವರಿದ್ದಾಗ ಊರಿನಲ್ಲಿ ಪಂಪ್‌ಸೆಟ್ ಕಳುವಾಗಿತ್ತು. ಕಾಲುವೆ ಪಕ್ಕ ಮಲಗಿದ್ದ ಅವರ ತಂದೆ ಕೂಲಿಕಾರ ಕೆಂಚಣ್ಣನ ಕಡೆಗೆ ಜನ ಬೊಟ್ಟು ಮಾಡಿದರು. ಕಳ್ಳನ ಹೆಜ್ಜೆಗಳನ್ನು ನೋಡಲು ಬಂದವರೇ ತುಳಿದು ಅಳಿಸಿದ್ದರು. "ಪಂಪು ಮುಂದ ಬ್ಯಾರೆ ಊರಾಗ ಸಿಕ್ತು. ಅಪ್ಪಗ ಮಾತ್ರ ಯಾರೂ ಮತ್ತ ಕೂಲಿಗೆ ಕರೀಲಿಲ್ಲ" ಎನ್ನುತ್ತಾರೆ ಅನುಸೂಯಾ.

ಈಗ ಆ ಪಿರಿಯಡ್‌ಗೇ ಕುತ್ತು ಬಂದಿದೆ. ಹೆಣ್ಣುಮಕ್ಕಳಿಗೆ ಹೆಣ ಕೊಯ್ಯುವುದನ್ನು ಕಲಿಸುತ್ತಾರೆಂದು ಸುದ್ದಿ ಹಬ್ಬಿದೆ. ಇಂದು ಶಾಲಾ ಸಮಿತಿಯ ಮುಂದೆ ಮಕ್ಕಳು ತಮ್ಮ ವಿದ್ಯೆ ತೋರಿಸಬೇಕು. ಸಮಿತಿ ಒಪ್ಪದಿದ್ದರೆ ಆ ಪಿರಿಯಡ್ ಗಣಿತಕ್ಕೆ ಎಂದು ಮುಖ್ಯ ಶಿಕ್ಷಕ ಅಂಜಿನಯ್ಯ ಹೇಳಿಬಿಟ್ಟಿದ್ದಾರೆ. ಅದಕ್ಕೆಂದೇ ನಿನ್ನೆ ಸಂಜೆ ಅನುಸೂಯಾ ಒಂದು ಸುಳ್ಳು ಕಳ್ಳತನ ಮಾಡಿಸಿದ್ದಾರೆ. ಒಬ್ಬರ ಕೈಯಲ್ಲಿ ಶಾಲೆಯ ಗಂಟೆ ಬಚ್ಚಿಡಿಸಿ, ಅಂಗಳದ ಹಸಿ ಮಣ್ಣಿನಲ್ಲಿ ಅವರ ಹೆಜ್ಜೆ ಉಳಿಸಿದ್ದಾರೆ. ಆ ಕಳ್ಳ ಯಾರೆಂದು ಮಕ್ಕಳು ಕಂಡುಹಿಡಿಯಬೇಕು.

ಮಾದರಿಗೆಂದು ತೆಗೆದ ಪಾಲಪ್ಪನವರ ಹೆಜ್ಜೆಯ ಅಚ್ಚು ಹಿಡಿದು ಶಾಲೆಗೆ ಬಂದರೆ ಅಂಗಳ ಲಕಲಕ ಹೊಳೆಯುತ್ತಿದೆ. ದೊಡ್ಡವರು ಬರುತ್ತಾರೆಂದು ಒಂಬತ್ತನೇ ತರಗತಿಯ ಗಂಗಾ ಮತ್ತು ಗೆಳತಿಯರು ನಸುಕಿನಲ್ಲೇ ಬಂದು, ಕಸ ಹೊಡೆದು, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟಿದ್ದಾರೆ. ಹೆಜ್ಜೆಯ ಗುರುತು ಒಂದೂ ಉಳಿದಿಲ್ಲ. ತನ್ನ ತಪ್ಪು ಅರಿವಾಗಿ ಗಂಗಾಳ ಮುಖ ಬಾಡುತ್ತದೆ. ಅನುಸೂಯಾ ಬೈಯುವುದಿಲ್ಲ. ಉಳಿದಿದ್ದನ್ನು ನೋಡಿ, ಕಂಡಷ್ಟನ್ನೇ ಹೇಳಿ ಎನ್ನುತ್ತಾರೆ.

ಸಮಿತಿಯವರು ಬಂದು ಕೂರುತ್ತಾರೆ. ಮಕ್ಕಳು ಬಾಗಿಲು, ಕಿಟಕಿ ತಡಕುತ್ತಾರೆ. ಏನೂ ಸಿಗುವುದಿಲ್ಲ. ಸದಸ್ಯ ಲಿಂಗರಾಜ್ ನಗುತ್ತಾರೆ. "ಇದಕ್ಕ ಯಾಕ್ರಿ ಇಷ್ಟು ಕಷ್ಟ? ಹಿಂದಿನ ಬೆಂಚಿನ ಈಶ್ವರನ ಮಾರಿ ನೋಡ್ರಿ, ಅವನೇ ಕಳ್ಳ." ಎಲ್ಲರೂ ನಗುತ್ತಾರೆ. ಈಶ್ವರ್ ತಲೆ ತಗ್ಗಿಸುತ್ತಾನೆ.

ಗಂಟೆ ಬಚ್ಚಿಟ್ಟವರು ಯಾರೆಂದು ಅನುಸೂಯಾಗೆ ಗೊತ್ತು. ಗಂಗಾ ಅವರತ್ತಲೇ ನೋಡುತ್ತಿದ್ದಾಳೆ. ಕಣ್ಣಲ್ಲಿ ಒಂದು ಸನ್ನೆ ಮಾಡಿದರೆ ಪಿರಿಯಡ್ ಉಳಿಯುತ್ತದೆ. ಅನುಸೂಯಾ ನೆಲ ನೋಡುತ್ತ ನಿಲ್ಲುತ್ತಾರೆ.

ಗಂಗಾ ಸಮಿತಿಯ ಮುಂದೆ ಬಂದು ನಿಲ್ಲುತ್ತಾಳೆ. "ಹೆಜ್ಜಿ ನಾವ ಅಳಿಸೀವ್ರಿ. ಕಳ್ಳ ಯಾರಂತ ನಮಗ ಗೊತ್ತಿಲ್ಲ. ಗೊತ್ತಿಲ್ಲಂದ ಮ್ಯಾಲೆ ಈಶ್ವರನ ಹೆಸರು ತಗೀಬಾರ್ದ್ರಿ."

ನಗು ನಿಲ್ಲುತ್ತದೆ. ಲಿಂಗರಾಜ್ ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡು ಅಂಜಿನಯ್ಯನವರ ಕಡೆ ತಿರುಗುತ್ತಾರೆ. "ಗಣಿತಕ್ಕ ಬ್ಯಾರೆ ಪಿರಿಯಡ್ ನೋಡ್ರಿ ಮಾಸ್ತರ."

ಮಕ್ಕಳು ಮನೆಗೆ ಹೋದ ಮೇಲೆ ಅನುಸೂಯಾ ಕಪಾಟಿಗೆ ಬೀಗ ಹಾಕುತ್ತಾರೆ.

"ಇವರೆಲ್ಲ ದೊಡ್ಡ ಲ್ಯಾಬಿಗೆ ಹೋಗ್ತಾರೋ ಇಲ್ಲೋ, ಅದು ಅವರಿಗೆ ಬಿಟ್ಟಿದ್ರಿ. ನಾಳೆ ಊರಾಗ ಏನರ ಕಳುವಾದ್ರ, ಯಾರದರ ಹೆಸರು ಹೇಳಾಕ ಮುಂಚೆ ಒಂದ್ ಗಳಿಗಿ ತಡದ್ರ, ನನಗಷ್ಟ ಸಾಕು."